ಕಣದಲ್ಲಿ ನಾಯಿ ಗಲೀಜು: ಎತ್ತೋಕೆ ಯಾವ ಸಾಮಾನು ತಗೊಂಡ್ರೆ ಒಳ್ಳೇದು?

ಬಾಳೂರು: ಕೊಯ್ಲು ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಕಣ ತೊಳೆಯೋ ಕೆಲಸ ಶುರುವಾಗುತ್ತೆ. ಮಳೆಗಾಲ ಪೂರ್ತಿ ಪಾಚಿ ಕಟ್ಟಿದ ಸಿಮೆಂಟ್ ಕಣವನ್ನ ಕಡ್ಡಿ ಪೊರಕೆಯಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಮಲಗಿದರೆ, ಬೆಳಗ್ಗೆ ಎದ್ದು ನೋಡುವಾಗ ನಟ್ಟನಡುವೆ ನಾಯಿ ತನ್ನ ಕೆಲಸ ಮುಗಿಸಿರುತ್ತೆ. ನಾಯಿಗೂ ಬೇರೆ ದಾರಿ ಇಲ್ಲ. ಚಿರತೆ ಭಯಕ್ಕೆ ರಾತ್ರಿ ಯಾರೂ ತೋಟಕ್ಕೆ ಬಿಡಲ್ಲ, ಬೆಳಗ್ಗೆ ಸರಪಳಿ ಬಿಚ್ಚಿದ ಕೂಡಲೇ ಎದುರಿಗೆ ಸಿಗೋ ಬಯಲು ಅಂದ್ರೆ ಕಣವೇ.

ಈ ವಿಷಯ ಬರೆಯೋಕೆ ಕಾರಣ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಡೆದ ಮಾತು. ತೋಟದವರೊಬ್ಬರು ಆನ್‌ಲೈನಲ್ಲಿ ತರಿಸಿದ್ದ ಇಕ್ಕಳದಂಥ ಸಾಮಾನು ಹಿಡಕೊಂಡು ಬಂದಿದ್ದರು. ಹಿಡಿ ಒತ್ತಿದರೆ ಕೆಳಗೆ ಬಾಯಿ ತೆರೆಯುತ್ತೆ, ಬಿಟ್ಟರೆ ಮುಚ್ಚುತ್ತೆ. ಒಂದೇ ಮಳೆಗಾಲಕ್ಕೆ ಸ್ಪ್ರಿಂಗ್ ತುಕ್ಕು ಹಿಡಿದು ಬಾಯಿ ತೆರೆದಲ್ಲೇ ನಿಂತಿತ್ತು. "ಇದನ್ನ ರಿಪೇರಿ ಮಾಡಬಹುದಾ?" ಅಂತ ಅವರು ಕೇಳಿದ್ರೆ, ಅಂಗಡಿ ಅಣ್ಣ ನನ್ನ ಕಡೆ ತಿರುಗಿ, "ಇಂಥದ್ದು ಕೇಳ್ಕೊಂಡು ಇನ್ನೂ ನಾಲ್ಕು ಜನ ಬಂದಿದ್ರು ಮಾರಾಯ. ತರಿಸಿ ಇಡೋದಾ ಬೇಡ್ವಾ, ನೀನೇ ಹೇಳು" ಅಂದ್ರು. ನನಗೂ ಗೊತ್ತಿರಲಿಲ್ಲ. ವಿಚಾರಿಸಿ, ಓದಿ, ನಮ್ಮನೆ ಅಂಗಳದಲ್ಲೇ ಮಾಡಿ ನೋಡಿ ಇದನ್ನ ಬರೀತಿದ್ದೇನೆ.

ಮೊದಲು, ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅನ್ನೋ ಪ್ರಶ್ನೆ. ಬೇಕು. ನಾಯಿ ಹೇಲಲ್ಲಿ ಮುಖ್ಯವಾಗಿ ಎರಡು ಜಾತಿ ಹುಳದ ಮೊಟ್ಟೆ ಇರಬಹುದು: ಕೊಕ್ಕೆಹುಳ ಮತ್ತು ದುಂಡುಹುಳ. ಕೊಕ್ಕೆಹುಳದ ಮೊಟ್ಟೆ ಬೆಚ್ಚಗೆ, ತೇವ, ನೆರಳು ಇರೋ ಮಣ್ಣಲ್ಲಿ ಒಂದೆರಡು ದಿನಕ್ಕೆ ಒಡೆಯುತ್ತೆ, ಐದರಿಂದ ಹತ್ತು ದಿನದಲ್ಲಿ ಮರಿ ಚರ್ಮದೊಳಗೆ ನುಗ್ಗೋಕೆ ತಯಾರಾಗುತ್ತೆ. ತೇವ, ನೆರಳು ಅಂದ್ರೆ ಕಾಫಿ ತೋಟದ ಲೆಕ್ಕವೇ ಆಯ್ತಲ್ಲ. ಇಂಬಳ ಆದ್ರೆ ಕಾಲಿಗೆ ಹತ್ತೋದು ಕಾಣುತ್ತೆ, ಉಪ್ಪೋ ಸುಣ್ಣವೋ ಹಚ್ಚಿ ಉದುರಿಸಬಹುದು. ಇದು ಕಣ್ಣಿಗೇ ಕಾಣಲ್ಲ. ಬರಿಗಾಲಲ್ಲಿ ಓಡಾಡೋ ಮಕ್ಕಳ ಪಾದದಲ್ಲಿ ಕೆಂಪಗೆ ಹಾವಿನ ಹಾದಿಯಂಥ ಗೆರೆ ಎದ್ದು ವಿಪರೀತ ತುರಿಕೆ ಇದ್ದರೆ ಅದು ಈ ಮರಿಹುಳ ಆಗಿರಬಹುದು. ಮನೆಮದ್ದು ಹಚ್ಚುತ್ತಾ ಕೂರದೆ ಆಸ್ಪತ್ರೆಗೆ ತೋರಿಸಬೇಕು.

ದುಂಡುಹುಳದ ಕಥೆ ಬೇರೆ. ಅದರ ಮೊಟ್ಟೆ ಅಪಾಯದ ಹಂತಕ್ಕೆ ಬರೋಕೆ ಒಂದರಿಂದ ನಾಲ್ಕು ವಾರ ಬೇಕು, ಆದರೆ ಬಂದಮೇಲೆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಮಣ್ಣು ಮೆತ್ತಿದ ಕೈ ಬಾಯಿಗೆ ಹೋದರೆ ಮೊಟ್ಟೆಯೂ ಒಳಗೆ ಹೋಗುತ್ತೆ. ಲಿವರ್, ಶ್ವಾಸಕೋಶ, ಕೆಲವೊಮ್ಮೆ ಕಣ್ಣಿಗೂ ತೊಂದರೆ ಕೊಡಬಲ್ಲದು. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳ ನಿವಾರಣಾ ದಿನ ಅಂತ ಅಲ್ಬೆಂಡಜೋಲ್ ಮಾತ್ರೆ ಕೊಡ್ತಾರೆ. ಅದು ಮನುಷ್ಯರ ಹೊಟ್ಟೆಯ ಹುಳಕ್ಕೆ. ಮಾತ್ರೆ ತಿಂದಾಯ್ತು, ಇನ್ನು ಅಂಗಳ ಹೆಂಗಿದ್ರೂ ನಡೆಯುತ್ತೆ ಅಂತಲ್ಲ.

ಎಸ್ಟೇಟ್ ಜೀವನದ್ದೇ ಉದಾಹರಣೆ ಬೇಕಂದ್ರೆ ಅಸ್ಸಾಂನದ್ದು ಇದೆ. ಅಲ್ಲಿನ ಚಹಾ ತೋಟದ ಕಾರ್ಮಿಕರ ಕಾಲೊನಿಗಳಲ್ಲಿ ನಾಯಿಗಳನ್ನ ಪರೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಪಾಲು ನಾಯಿಗಳಲ್ಲಿ ಕೊಕ್ಕೆಹುಳ ಸಿಕ್ಕಿತ್ತು. ಚಹಾ ಇರಲಿ ಕಾಫಿ ಇರಲಿ, ಲೈನ್ ಮನೆ ಅಂಗಳ, ಬರಿಗಾಲು, ಮಳೆ, ಊರು ತಿರುಗೋ ನಾಯಿ, ಎಲ್ಲ ಒಂದೇ.

ಇದರಲ್ಲೇ ಒಂದು ಒಳ್ಳೇ ಸುದ್ದಿಯೂ ಇದೆ. ಇವತ್ತು ಹಾಕಿದ್ದರಲ್ಲಿ ಇರೋ ಹುಳದ ಮೊಟ್ಟೆ ಇವತ್ತೇ ಅಂಟಲ್ಲ. ಅಂದ್ರೆ ದಿನದ್ದು ದಿನಾ ಎತ್ತಿದರೆ ಅರ್ಧ ಯುದ್ಧ ಗೆದ್ದ ಹಾಗೆ. ದಿನಾ ಎತ್ತಬೇಕಂದ್ರೆ ಬೇಸರ ಬಾರದಂಥ, ಬಗ್ಗಿ ಸೊಂಟ ನೋಯದಂಥ, ಕೈಗೆ ತಾಗದಂಥ ಸಾಮಾನು ಬೇಕು. ಆರಿಸೋದು ಮುಖ್ಯ ಆಗೋದು ಅಲ್ಲೇ.

ನೀರು ಬಿಡೋದು, ಗುಡಿಸೋದು ಎರಡೂ ಬೇಡ

ನಮ್ಮಲ್ಲಿ ಹೆಚ್ಚಿನವರು ಮಾಡೋದು ಇವೆರಡನ್ನೇ. ಪೈಪ್ ಹಿಡಿದು ನೀರು ಬಿಟ್ಟರೆ ಕಣ್ಣಿಗೆ ಕಾಣದಂತೆ ಹೋಗುತ್ತೆ ಅಷ್ಟೇ. ಗಲೀಜು ಕರಗಿ ಕಣದ ಬಿರುಕಿಗೆ, ಅಂಚಿನ ಮಣ್ಣಿಗೆ, ಅಲ್ಲಿಂದ ಚರಂಡಿಗೆ, ಹಳ್ಳಕ್ಕೆ ಸೇರುತ್ತೆ. ಹೇಮಾವತಿ ಹುಟ್ಟೋದು ನಮ್ಮ ಪಕ್ಕದ ಜಾವಳಿಯಲ್ಲಿ, ಹೋಗಿ ನಿಲ್ಲೋದು ಗೊರೂರು ಡ್ಯಾಮಲ್ಲಿ. ಹೊಳೆಯ ಮೇಲ್ಗಡೆ ಇರೋರು ನಾವು, ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಪೊರಕೆಯಲ್ಲಿ ಗುಡಿಸಿದರಂತೂ ಕಡ್ಡಿಗೆ ಮೆತ್ತಿಕೊಳ್ಳುತ್ತೆ, ಅದೇ ಪೊರಕೆ ಮಾರನೇ ದಿನ ಇಡೀ ಅಂಗಳಕ್ಕೆ ಹಚ್ಚಿ ಬರುತ್ತೆ.

ಅದಕ್ಕಿಂತ ಕೆಟ್ಟದ್ದು ಒಂದಿದೆ. ಕಾಫಿ ಹರಡೋಕೆ ಇಟ್ಟ ಮರದ ಹಲಗೆ ಕೈಗೆ ಸಿಕ್ಕಿತು ಅಂತ ಅದರಲ್ಲೇ ಎಳೆದು ಆಚೆ ಹಾಕೋದು. ಇದನ್ನ ನಾನು ಕಣ್ಣಾರೆ ನೋಡಿದ್ದೇನೆ, ಎಲ್ಲಿ ಅಂತ ಹೇಳಲ್ಲ. ಒಣಗ್ತಾ ಇರೋ ಕಾಫಿ ಬೇಗ ವಾಸನೆ ಹಿಡಿಯುತ್ತೆ, ಸ್ಯಾಂಪಲ್ ಮೂಸಿ ನೋಡೋ ವ್ಯಾಪಾರಿಗೆ ಗೊತ್ತಾಗದೆ ಇರಲ್ಲ. ಕಾಫಿಯನ್ನ ಹೇಗೂ ಹುರೀತಾರೆ ಬಿಡಿ, ಮೆಣಸಿನ ಕಥೆ ಏನು? ಕಣದಲ್ಲಿ ಒಣಗಿದ ಕಾಳುಮೆಣಸನ್ನ ಆಮೇಲೆ ಯಾರೂ ತೊಳೆಯಲ್ಲ, ಪುಡಿಯಾಗಿ ನೇರ ಸಾರಿಗೋ ಆಮ್ಲೆಟ್ಟಿಗೋ ಬೀಳುತ್ತೆ. ಒಣ ಮೆಣಸಲ್ಲೂ ಸಾಲ್ಮೊನೆಲ್ಲಾ ರೋಗಾಣು ತುಂಬಾ ದಿನ ಬದುಕುತ್ತೆ. 2009-10ರಲ್ಲಿ ಅಮೆರಿಕದಲ್ಲಿ ಮೆಣಸು ಹಚ್ಚಿದ ಮಾಂಸದ ತಿನಿಸು ತಿಂದು ಇನ್ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಾಗ ಕೊನೆಗೆ ಜಾಡು ಹೋಗಿ ಮುಟ್ಟಿದ್ದು ಮೆಣಸಿನ ಪುಡಿಗೆ. ಅದು ನಾಯಿಯಿಂದ ಬಂತು ಅಂತ ನಾನು ಹೇಳ್ತಿಲ್ಲ. ಆದರೆ ಸಾಲ್ಮೊನೆಲ್ಲಾ ನಾಯಿ ಹೇಲಲ್ಲೂ ಇರಬಹುದು, ಇದಕ್ಕೆ ಮಾತ್ರ ವಾರಗಟ್ಟಲೆ ಕಾಯೋ ಅಗತ್ಯವೂ ಇಲ್ಲ.

ನೆಲ ನೋಡಿ ಸಾಮಾನು

ಸಿಮೆಂಟ್ ಕಣ ಇದ್ದವರಿಗೆ ನನ್ನ ಓಟು ಚಪ್ಪಟೆ ಸಲಿಕೆಗೆ. ಮಣ್ಣು ಅಗೆಯೋ ಗುಂಡು ತುದಿಯದ್ದಲ್ಲ, ತುದಿ ನೇರ ಇರೋದು, ಆರರಿಂದ ಎಂಟು ಇಂಚು ಅಗಲ ಸಾಕು. ಜೊತೆಗೆ ಗಾರೆ ಕೆಲಸದ ಹಳೇ ಬಾಂಡ್ಲಿ ಒಂದು, ಒಂದು ಬದಿಯ ಅಂಚನ್ನ ಸುತ್ತಿಗೆಯಲ್ಲಿ ಬಡಿದು ನೆಲಕ್ಕೆ ಕೂರೋ ಹಾಗೆ ಚಪ್ಪಟೆ ಮಾಡಿಸಿಕೊಳ್ಳಿ. ಬಾಂಡ್ಲಿ ಇಟ್ಟು ಸಲಿಕೆಯಲ್ಲಿ ದೂಡಿದರೆ ಒಂದೇ ಸಲಕ್ಕೆ ಬರುತ್ತೆ. ಸಲಿಕೆ ಹಿಡಿ ನಿಮ್ಮ ಎದೆಮಟ್ಟಕ್ಕೆ ಇರಲಿ. ಅಂಗಡಿಯಲ್ಲಿ ಸಿಗೋ ಗಿಡ್ಡ ಹಿಡಿ ಬೇಡ, ಕಿತ್ತು ಹಾಕಿದ ರೋಬಸ್ಟಾ ಗಿಡದ ನೆಟ್ಟಗಿನ ಕೋಲು ಇದ್ದರೆ ಅದನ್ನೇ ಹಾಕಿಸಿ, ಗಟ್ಟಿ ಇರುತ್ತೆ. ಮಂಡಿ ನೋವಿರೋ ಅಮ್ಮಂದಿರಿಗೆ ಇದೊಂದು ದೊಡ್ಡ ಉಪಕಾರ.

ಮಣ್ಣಿನ ಅಂಗಳಕ್ಕೂ ಇದೇ ಸಲಿಕೆ ಆಗುತ್ತೆ. ಅಡಿಯ ಮಣ್ಣನ್ನ ಅರ್ಧ ಇಂಚು ಸೇರಿಸಿಯೇ ಕೆರೆದು ತೆಗೀಬೇಕು, ಮೇಲೆ ಮೇಲೆ ಎತ್ತಿದರೆ ಉಳಿದದ್ದು ಅಲ್ಲೇ ಉಳಿಯಿತು. ಸಗಣಿ ಸಾರಿಸೋ ಅಂಗಳವಾದರೆ ಇನ್ನೂ ಹುಷಾರು, ಯಾಕಂದ್ರೆ ಅಲ್ಲಿ ಬರಿಗೈ ಹಾಕೋರು ಮನೆ ಹೆಂಗಸರೇ.

ಹುಲ್ಲು ಹಾಸು ಇರೋ ಹೋಂಸ್ಟೇಗಳಿಗೆ ಮಾತ್ರ ಸಲಿಕೆ ಆಗಲ್ಲ, ಹುಲ್ಲು ಕಿತ್ತು ಬರುತ್ತೆ. ಅವರಿಗೆ ಹಲ್ಲಿರೋ ಸಣ್ಣ ರೇಕ್ ಮತ್ತು ಉದ್ದ ಹಿಡಿಯ ಕಸದ ಮೊರದ ಜೋಡಿ ಒಳ್ಳೇದು. ಸ್ಪ್ರಿಂಗ್ ಇಕ್ಕಳವೂ ಹುಲ್ಲಲ್ಲಿ, ಒಣ ಕಾಲದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತೆ. ಜನವರಿಯಿಂದ ಮಾರ್ಚ್ ತನಕ ಅದರಷ್ಟು ಸುಲಭದ್ದು ಇನ್ನೊಂದಿಲ್ಲ ಅಂತಲೂ ಒಪ್ಪಿಕೊಳ್ತೇನೆ. ಆದರೆ ಜೂನ್ ಬಂತು ಅಂದ್ರೆ ಮುಗೀತು. ಮಳೆಗೆ ಎಲ್ಲ ನೀರಾಗಿರುತ್ತೆ, ಇಕ್ಕಳದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತೆ, ಅದನ್ನ ಬಿಡಿಸೋಕೆ ಮತ್ತೆ ಕಡ್ಡಿ ಹುಡುಕಬೇಕು. ತಗೊಳ್ಳೋದೇ ಆದರೆ ಸ್ಪ್ರಿಂಗ್ ಸ್ಟೀಲಿನದ್ದಾ, ಹಲ್ಲು ಒಂದಕ್ಕೊಂದು ಸರಿಯಾಗಿ ಕೂರುತ್ತಾ ಅಂತ ಕೈಯಲ್ಲಿ ಹಿಡಿದು ನೋಡಿ. ಫೋಟೋದಲ್ಲಿ ಅದು ಗೊತ್ತಾಗಲ್ಲ.

ಕಾಸು ಖರ್ಚಿಲ್ಲದ ದಾರಿ ಅಡಿಕೆ ಹಾಳೆ. ಒಂದು ಹಾಳೆಯನ್ನ ಎರಡು ತುಂಡು ಮಾಡಿ, ಒಂದು ನೆಲಕ್ಕಿಟ್ಟು ಇನ್ನೊಂದರಲ್ಲಿ ದೂಡಿ, ಎರಡನ್ನೂ ಗುಂಡಿಗೆ ಹಾಕಿದರಾಯ್ತು, ತೊಳೆಯೋ ಕೆಲಸವೂ ಇಲ್ಲ. ಲೈನ್ ಮನೆಗಳಿಗೆ ಇದಕ್ಕಿಂತ ಒಳ್ಳೇದು ನನಗೆ ಕಾಣಲಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಎತ್ತಿ ಮಗುಚಿ ಗಂಟು ಹಾಕೋದು ಪೇಟೆಯವರ ಪದ್ಧತಿ. ಇಲ್ಲಿ ಆ ಗಂಟು ಕೊನೆಗೆ ಹೋಗೋದು ತೋಟದ ಬೇಲಿ ಆಚೆಗೆ. ಪ್ಲಾಸ್ಟಿಕ್ ಕೈಚೀಲವನ್ನ ರಾಜ್ಯದಲ್ಲಿ 2016ರಲ್ಲೇ ನಿಷೇಧ ಮಾಡಿದ್ದಾರೆ, ಅದೂ ಇದೆ. ಎಲೆ ಬಳಸೋರು ಯಾವ ಎಲೆ ಬೇಕಾದ್ರೂ ಬಳಸಿ, ಕೆಸುವಿನ ಎಲೆ ಬೇಡ. ಕೈ ತುರಿಸುತ್ತೆ, ಪತ್ರೊಡೆಗೂ ಕಮ್ಮಿ ಬೀಳುತ್ತೆ.

ಮಳೆಗಾಲಕ್ಕೆ ಬೂದಿ

ತೆಳ್ಳಗಾಗಿದ್ದನ್ನ ಯಾವ ಸಾಮಾನಲ್ಲೂ ಎತ್ತೋಕಾಗಲ್ಲ, ಮೊದಲು ಗಟ್ಟಿ ಮಾಡಬೇಕು. ನಮ್ಮೆಲ್ಲರ ಬಚ್ಚಲು ಒಲೆಯಲ್ಲಿ ಬೂದಿಗೆ ಬರವಿಲ್ಲ. ಪೂರ್ತಿ ಆರಿದ ಬೂದಿ, ಇಲ್ಲ ಮರದ ಹೊಟ್ಟು, ಒಂದೆರಡು ಬೊಗಸೆ ಹಾಕಿ ಐದು ನಿಮಿಷ ಬಿಟ್ಟು ಆಮೇಲೆ ಸಲಿಕೆ ಹಾಕಿ. ನಮ್ಮನೇಲಿ ಮಾಡಿ ನೋಡಿದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಬೂದಿ ಹಾಕಿದ್ದಕ್ಕೆ ಹುಳದ ಮೊಟ್ಟೆ ಸತ್ತು ಹೋಯ್ತು ಅಂದ್ಕೋಬೇಡಿ, ಎತ್ತೋಕೆ ಸುಲಭ ಆಯ್ತು ಅಷ್ಟೇ. ಬ್ಲೀಚಿಂಗ್ ಪೌಡರಿಗೂ ದುಂಡುಹುಳದ ಮೊಟ್ಟೆ ಬಗ್ಗಲ್ಲ. ಅದು ಹೆದರೋದು ಬಿಸಿಗೆ. ಎತ್ತಿದ ಮೇಲೆ ಸಿಮೆಂಟ್ ನೆಲದ ಆ ಜಾಗಕ್ಕೂ, ಸಲಿಕೆ ಬಾಂಡ್ಲಿಗೂ ಚೆನ್ನಾಗಿ ಕುದ್ದ ನೀರು ಒಂದು ಚೊಂಬು ಹುಯ್ದು ಬಿಸಿಲಿಗೆ ಇಡಿ. ಸ್ನಾನದ ಹದದ ನೀರು ಸಾಲಲ್ಲ.

ಎತ್ತಿದ್ದನ್ನ ಹಾಕೋದೆಲ್ಲಿ? ಗೊಬ್ಬರದ ಗುಂಡಿಗೆ ಬೇಡ. ಮೊಟ್ಟೆ ಸಾಯುವಷ್ಟು ಬಿಸಿ ಮನೆ ಗೊಬ್ಬರದ ಗುಂಡಿಯಲ್ಲಿ ಬರೋದು ಅಪರೂಪ, ಆ ಗೊಬ್ಬರ ಹೋಗೋದು ಸೊಪ್ಪಿನ ಪಾತಿಗೆ. ಕಾಫಿ ಗಿಡದ ಬುಡಕ್ಕೂ ಬೇಡ. ಕೊಯ್ಲು ಮುಗಿದಮೇಲೆ ಅಲ್ಲೇ ಕೂತು ಬರಿಗೈಯಲ್ಲಿ ಉದುರು ಹೆರಕೋರು ಇದ್ದಾರೆ. ತಳ ಹೋದ ಹಳೇ ಡ್ರಮ್ಮನ್ನ ಎತ್ತರದ, ನೀರು ನಿಲ್ಲದ ಜಾಗದಲ್ಲಿ ಅರ್ಧ ಹೂತು, ಮೇಲೆ ಗಟ್ಟಿ ಮುಚ್ಚಳ ಹಾಕಿ, ಪ್ರತಿ ಸಲ ಒಂದು ಬುಟ್ಟಿ ಮಣ್ಣು ಉದುರಿಸಿದರೆ ತುಂಬಾ ಕಾಲ ನಡೆಯುತ್ತೆ. ಬಾವಿ, ಹಳ್ಳದಿಂದ ದೂರ ಇರಬೇಕು. ಗುಡ್ಡದಿಂದ ಪೈಪಲ್ಲಿ ನೀರು ತರೋರು ನೀರಿನ ಕಣ್ಣಿಗಿಂತ ಮೇಲ್ಗಡೆ ಮಾತ್ರ ಗುಂಡಿ ತೆಗೀಬೇಡಿ.

ನಾಯಿಗೆ ಹುಳದ ಔಷಧಿ ಹಾಕಿಸೋದನ್ನ ಬಿಟ್ಟು ಇದೆಲ್ಲ ಮಾಡಿದರೆ ನಲ್ಲಿ ತಿರುಗಿಸದೆ ನೆಲ ಒರೆಸಿದ ಹಾಗೆ. ಮರಿಗಳಿಗೆ ಎರಡು ವಾರದಿಂದಲೇ ಶುರು ಮಾಡಬೇಕಾಗುತ್ತೆ, ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಎಷ್ಟು ಹಾಕಬೇಕು ಅನ್ನೋದು ತೂಕದ ಮೇಲೆ, ಪಶು ಆಸ್ಪತ್ರೆಯಲ್ಲಿ ಕೇಳಿಯೇ ಹಾಕಿ.

ಅಂಗಡಿ ಅಣ್ಣನಿಗೆ ಇಷ್ಟನ್ನೂ ಹೇಳಿದೆ. ಇಕ್ಕಳ ತರಿಸೋ ಯೋಚನೆ ಬಿಟ್ಟು, ನೇರ ತುದಿಯ ಸಲಿಕೆ ಆರು ತರಿಸಿದ್ದಾರೆ. ಕಾಫಿ ಕಣದ ಸಾಮಾನಿನ ಜೊತೆ ಬೆರೆತು ಹೋಗಬಾರದು ಅಂತ ಹಿಡಿಗೆ ಕೆಂಪು ಪೇಂಟ್ ಹೊಡೆದು ಕೊಡ್ತಾರಂತೆ. ಬೇರೆ ಅಂಗಡಿಯಲ್ಲಿ ತಗೊಂಡವರು ಮನೆಯಲ್ಲೇ ಹೊಡೆದುಕೊಳ್ಳಿ, ಆ ಸಲಿಕೆಯನ್ನ ಕಣದ ಕೋಣೆಯಲ್ಲಿ ಇಡದೆ ಹೊರಗೆ ಮಾಡಿನಡಿ ನೇತು ಹಾಕಿ.