ಲಸಿಕೆ ಹಾಕಿಸಿದರೂ ಕುರಿ ಕೆಮ್ಮುವುದೇಕೆ?

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಕುರಿ ವ್ಯಾಪಾರ ಮಾಡುವವರಿಗೆ ಈ ಅನುಭವ ಹೊಸದಲ್ಲ. ಸಂತೆಯಲ್ಲಿ ಲವಲವಿಕೆಯಿಂದಿದ್ದ ಮರಿಗಳು ಲಾರಿಯಿಂದ ಇಳಿದ ನಾಲ್ಕಾರು ದಿನಗಳಲ್ಲಿ ಮೂಗು ಸೋರಿ, ಕೆಮ್ಮಿ, ಏದುಸಿರು ಬಿಟ್ಟು ಸಾಯತೊಡಗುತ್ತವೆ. ಇನ್ನೂರು ಮರಿಗಳಲ್ಲಿ ಹತ್ತು ಸತ್ತರೆ ಖರೀದಿ ಮೊತ್ತದಲ್ಲಿ ನೂರಕ್ಕೆ 5 ರೂಪಾಯಿ ಹೋದಂತೆಯೇ. ‘ಗಂಟಲು ಬೇನೆಯ ಲಸಿಕೆ ಹಾಕಿಸಿದ್ದೆವಲ್ಲ, ಲಸಿಕೆಯೇ ಖೋಟಾ ಇರಬೇಕು’ ಎಂಬ ಮಾತು ಆಗ ಹೊರಡುವುದು ಸಹಜ. ಆದರೆ ದೋಷವು ಅನೇಕ ಬಾರಿ ಲಸಿಕೆಯದಲ್ಲ, ಆಯ್ಕೆಯದು.

ಗಂಟಲು ಬೇನೆಗೆ, ಅಂದರೆ ಗಳಲೆ ರೋಗಕ್ಕೆ, ಕಾರಣವಾದುದು ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾ. ಲೂಯಿ ಪಾಶ್ಚರ್ 1880ರ ಸುಮಾರಿಗೆ ಕೋಳಿ ಕಾಲರಾ ಕುರಿತು ಪ್ರಸಿದ್ಧ ಪ್ರಯೋಗಗಳನ್ನು ನಡೆಸಿದುದೂ ಇದರ ಮೇಲೆಯೇ. ಜೀವಿ ಒಂದೇ ಆದರೂ ಅದರ ಮೈಮೇಲಿನ ಕವಚ ಒಂದೇ ಅಲ್ಲ. ಎ, ಬಿ, ಡಿ, ಇ, ಎಫ್ ಎಂದು ಐದು ಬಗೆಗಳನ್ನು ಗುರುತಿಸಲಾಗಿದೆ. ದಲಾಲಿ ಅಂಗಡಿಯ ಹಮಾಲನು ಮೂಟೆಯನ್ನು ಬಿಚ್ಚಿ ನೋಡುವುದಿಲ್ಲ, ಮೇಲಿನ ಮಾರ್ಕಾ ನೋಡಿ ಗುರುತಿಸುತ್ತಾನೆ. ಪ್ರಾಣಿಯ ದೇಹವೂ ಅಷ್ಟೇ. ರೋಗಾಣುವಿನ ಹೊರಮೈಯಲ್ಲಿರುವ ಪ್ರತಿಜನಕಗಳೆಂಬ ಗುರುತುಗಳನ್ನು ಲಸಿಕೆಯಿಂದ ಕಲಿತುಕೊಂಡು, ಅದೇ ಮಾರ್ಕಾ ಮತ್ತೆ ಬಂದಾಗ ಎದುರಿಸುತ್ತದೆ. ಮಾರ್ಕಾ ಬದಲಾದರೆ ಗುರುತು ಸಿಗುವುದು ಕಷ್ಟ.

ನಮ್ಮ ದೇಶದ ಗಳಲೆ ಲಸಿಕೆ ‘ಬಿ’ ಬಗೆಯ ಪಿ-52 ಎಂಬ ತಳಿಯಿಂದ ಸಿದ್ಧವಾಗುತ್ತದೆ. ದನ, ಎಮ್ಮೆಗಳ ಗಳಲೆ ರೋಗಕ್ಕೆ ಅದು ಯೋಗ್ಯವಾದುದೇ. ಆದರೆ ಕುರಿಗಳ ನ್ಯುಮೋನಿಯಾಕ್ಕೆ ‘ಎ’ ಬಗೆಯ ಪಾಶ್ಚುರೆಲ್ಲಾ ಅಥವಾ ಮ್ಯಾನ್‌ಹೈಮಿಯಾ ಎಂಬ ಬೇರೆಯೇ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಈ ಲಸಿಕೆಯನ್ನು ನೆಚ್ಚಿ ಕೂರುವಂತಿಲ್ಲ.

ಈ ಪಾಠಕ್ಕೆ ಹೆಚ್ಚು ಬೆಲೆ ತೆತ್ತವರು ವಿದೇಶಗಳ ಹಂದಿ ಸಾಕಣೆದಾರರು. ನಮ್ಮ ಭಾಗದಲ್ಲಿ ಅದು ದೊಡ್ಡ ಉದ್ಯಮವಲ್ಲದಿದ್ದರೂ ಅವರ ಅನುಭವ ತಿಳಿಯತಕ್ಕದ್ದು. ಹಂದಿಗಳ ಶ್ವಾಸಕೋಶವನ್ನು ಕೊಳೆಸುವ ಆಕ್ಟಿನೋಬ್ಯಾಸಿಲಸ್ ಪ್ಲೂರೋನ್ಯುಮೋನಿಯೇ ಎಂಬ ರೋಗಾಣುವಿನಲ್ಲಿ ಕವಚಭೇದದಿಂದ ಹತ್ತೊಂಬತ್ತು ಬಗೆಗಳನ್ನು ಇದುವರೆಗೆ ಗುರುತಿಸಲಾಗಿದೆ. ಕೊಂದ ರೋಗಾಣುವಿನ ಹಳೆಯ ಲಸಿಕೆಗಳು ಆಯಾ ಬಗೆಯ ವಿರುದ್ಧ ಮಾತ್ರ ಕೆಲಸ ಮಾಡುತ್ತಿದ್ದವು. ಹಾಗಾಗಿ ವಿಜ್ಞಾನಿಗಳು ಕವಚವನ್ನು ಬಿಟ್ಟು, ಹಲವು ಬಗೆಗಳು ಹಂಚಿಕೊಂಡಿರುವ ಮೂರು ವಿಷಗಳನ್ನೂ ಹೊರಪೊರೆಯ ಒಂದು ಪ್ರೋಟೀನನ್ನೂ ಬೇರ್ಪಡಿಸಿ ಲಸಿಕೆ ಮಾಡಿದರು. ಇದರಿಂದ ಶ್ವಾಸಕೋಶದ ಹಾನಿ ತಗ್ಗಿತು. ಆದರೆ ರೋಗಾಣುವನ್ನು ಹೊತ್ತು ತಿರುಗುವ ಹಂದಿಗಳು ಇಲ್ಲವಾಗಲಿಲ್ಲ. ಲಸಿಕೆಯಿಂದ ಪವಾಡವನ್ನು ನಿರೀಕ್ಷಿಸುವವರು ಈ ಮಾತನ್ನು ಗಮನಿಸಬೇಕು.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಒಂದು ಕೋಟಿಗೂ ಅಧಿಕ ಕುರಿಗಳಿವೆ. ಇಷ್ಟು ದೊಡ್ಡ ವ್ಯಾಪಾರದಲ್ಲಿ ರೋಗದ ಬಗೆ ತಿಳಿಯದೆ ಔಷಧಕ್ಕೆ ಹಣ ಸುರಿಯುವುದು ಲೆಕ್ಕ ಬಲ್ಲವರ ಲಕ್ಷಣವಲ್ಲ. ಮಂದೆಯಲ್ಲಿ ಸಾವು ಕಂಡೊಡನೆ, ಪ್ರತಿಜೀವಕ ಕೊಡುವ ಮುನ್ನವೇ, ಪಶುವೈದ್ಯರನ್ನು ಕರೆಯಿಸಿ ಶವಪರೀಕ್ಷೆ ಮಾಡಿಸುವುದು, ಶ್ವಾಸಕೋಶದ ತುಣುಕನ್ನು ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುವುದು ಒಳ್ಳೆಯದು. ಗದಗಿನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಬೆಂಗಳೂರಿನಲ್ಲಿ ಜಾನುವಾರು ರೋಗಗಳ ಅಧ್ಯಯನಕ್ಕೆಂದೇ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯಿದೆ. ಪಿ.ಪಿ.ಆರ್. ವೈರಸ್ ಮೊದಲು ದಾರಿ ಮಾಡಿ, ಬ್ಯಾಕ್ಟೀರಿಯಾ ಹಿಂದಿನಿಂದ ಬರುವುದೂ ಉಂಟಾದ್ದರಿಂದ ಆ ಲಸಿಕೆಯನ್ನು ಮರೆಯಬಾರದು.

ಇನ್ನೊಂದು ಮಾತು. ಈ ರೋಗಾಣುಗಳು ಆರೋಗ್ಯವಂತ ಕುರಿಯ ಮೂಗು, ಗಂಟಲಲ್ಲಿಯೇ ಸದ್ದಿಲ್ಲದೆ ವಾಸಿಸಬಲ್ಲವು. ಇಕ್ಕಟ್ಟಾದ ಲಾರಿ, ಹಸಿವು, ಧೂಳು, ಮಳೆಯ ನೆನೆತ, ಇವುಗಳಿಂದ ಮೈ ಸೋತಾಗ ಶ್ವಾಸಕೋಶಕ್ಕೆ ಇಳಿಯುತ್ತವೆ. ಲಸಿಕೆಯ ಬಲ ಮೈಗೂಡಲು ಎರಡು ಮೂರು ವಾರಗಳು ಬೇಕು. ಇಂದು ಚುಚ್ಚಿಸಿ ಇಂದೇ ಲಾರಿ ಹತ್ತಿಸಿದರೆ ಖರ್ಚು ಮಾತ್ರ ಉಳಿಯುತ್ತದೆ. ಔಷಧ ಅಂಗಡಿಯ ಬಾಂಧವರು ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದಿಡತಕ್ಕದ್ದು. ಗಳಲೆ ಲಸಿಕೆಯನ್ನು ಹೆಪ್ಪುಗಟ್ಟಿಸಿದರೆ ಅದು ಕೆಡುತ್ತದೆ. ಮರಿಗಳನ್ನು ಕೊಳ್ಳುವವರು ಯಾವ ಲಸಿಕೆ, ಯಾವ ದಿನ, ಯಾವ ಬ್ಯಾಚ್ ಎಂಬುದನ್ನು ಖರೀದಿ ಚೀಟಿಯ ಮೇಲೆಯೇ ಬರೆಯಿಸಿಕೊಳ್ಳುವುದು ಲೇಸು.