ಕಂಪ್ಯೂಟರ್ ಆನ್ ಆಗದಿದ್ದರೆ ಬ್ಯಾಕಪ್ ಇದ್ದೂ ಪ್ರಯೋಜನವಿಲ್ಲ: ಇವತ್ತೇ ಮಾಡಿಟ್ಟುಕೊಳ್ಳಿ ರಿಕವರಿ ಪೆನ್‌ಡ್ರೈವ್

ಹಾಸನ: ತಿಂಗಳ 20ನೇ ತಾರೀಖು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. 19ರ ರಾತ್ರಿ ಕರೆಂಟ್ ಹೋಗಿ ಬಂತು, ಬೆಳಗ್ಗೆ ಅಂಗಡಿ ಕಂಪ್ಯೂಟರ್ ಆನ್ ಆಗಲಿಲ್ಲ. ಆಗ ಏನು ಮಾಡ್ತೀರಿ?

'ನಮ್ಮ ಹತ್ರ ಬ್ಯಾಕಪ್ ಇದೆಯಲ್ಲ' ಅಂತ ಹೇಳುವವರು ಬಹಳ ಮಂದಿ. ನಾನೂ ಹಾಗೇ ಅಂದುಕೊಂಡಿದ್ದೆ. ವಿಂಡೋಸ್ ಕೈಕೊಟ್ಟ ದಿನ ಬ್ಯಾಕಪ್ ಇದ್ದ ಹಾರ್ಡ್ ಡಿಸ್ಕ್ ಕೈಯಲ್ಲೇ ಇತ್ತು, ಅದನ್ನು ವಾಪಸ್ ಹಾಕೋಕೆ ಕಂಪ್ಯೂಟರೇ ಓಪನ್ ಆಗಲಿಲ್ಲ. ಬ್ಯಾಕಪ್ ಅಂದರೆ ಬೀರುವಿನಲ್ಲಿಟ್ಟ ಒಡವೆ ಇದ್ದ ಹಾಗೆ. ರಿಕವರಿ ಡ್ರೈವ್ ಆ ಬೀರುವಿನ ಬೀಗದ ಕೈ. ಎರಡೂ ಬೇಕು.

ಬೇಕಾಗುವುದು ಎರಡೇ ವಸ್ತು: 16 ಜಿಬಿ ಅಥವಾ ಹೆಚ್ಚಿನ ಖಾಲಿ ಪೆನ್‌ಡ್ರೈವ್, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್.

ಮೊದಲು ಬೀಗದ ಕೈ

ಪೆನ್‌ಡ್ರೈವ್ ಚುಚ್ಚಿ, ಸ್ಟಾರ್ಟ್ ಪಕ್ಕದ ಸರ್ಚ್‌ನಲ್ಲಿ 'ರಿಕವರಿ ಡ್ರೈವ್' ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. 'ಕ್ರಿಯೇಟ್ ಎ ರಿಕವರಿ ಡ್ರೈವ್' ಬರುತ್ತೆ. ಸಿಸ್ಟಮ್ ಫೈಲ್ ಬ್ಯಾಕಪ್ ಮಾಡುವ ಜಾಗದಲ್ಲಿ ಟಿಕ್ ಇರಲಿ, ನೆಕ್ಸ್ಟ್ ಕೊಡುತ್ತಾ ಹೋಗಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತೆ, ಮದುವೆ ಫೋಟೊ ಇದ್ದರೆ ಮೊದಲೇ ತೆಗೆದಿಡಿ. ಕೆಲಸ ನಿಧಾನ, ಒಂದು ಗಂಟೆ ಆದರೂ ಆಗಬಹುದು. ಮಧ್ಯೆ ಕರೆಂಟ್ ಹೋಗದಂತೆ ಯುಪಿಎಸ್ ಇದ್ದರೆ ಒಳ್ಳೇದು.

ಡಿವಿಡಿ ರೈಟರ್ ಇರುವ ಹಳೇ ಕಂಪ್ಯೂಟರ್ ಆದರೆ, ಕಂಟ್ರೋಲ್ ಪ್ಯಾನೆಲ್‌ನ 'ಬ್ಯಾಕಪ್ ಅಂಡ್ ರಿಸ್ಟೋರ್'ನಲ್ಲಿ 'ಸಿಸ್ಟಮ್ ರಿಪೇರ್ ಡಿಸ್ಕ್' ಮಾಡಿಕೊಳ್ಳಬಹುದು.

ಆಮೇಲೆ ಒಡವೆ

ನೆನಪಿರಲಿ, ರಿಕವರಿ ಡ್ರೈವ್‌ನಲ್ಲಿ ನಿಮ್ಮ ಬಿಲ್ಲು, ಫೋಟೊ ಯಾವುದೂ ಇರಲ್ಲ. ಅದಕ್ಕೆ ಅದೇ 'ಬ್ಯಾಕಪ್ ಅಂಡ್ ರಿಸ್ಟೋರ್'ನಲ್ಲಿ 'ಕ್ರಿಯೇಟ್ ಎ ಸಿಸ್ಟಮ್ ಇಮೇಜ್' ಒತ್ತಿ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೋರಿಸಿ. ವಿಂಡೋಸ್, ಟ್ಯಾಲಿ, ನುಡಿ, ಪ್ರಿಂಟರ್ ಸೆಟ್ಟಿಂಗ್ ಎಲ್ಲವೂ ಇದ್ದ ಹಾಗೇ ನಕಲಾಗುತ್ತೆ. ಅಲ್ಲಿ ಆಗುವ 'ವಿಂಡೋಸ್ ಇಮೇಜ್ ಬ್ಯಾಕಪ್' ಫೋಲ್ಡರ್‌ನ ಹೆಸರು ಬದಲಿಸಬೇಡಿ, ಇನ್ನೊಂದು ಫೋಲ್ಡರ್ ಒಳಗೆ ತಳ್ಳಬೇಡಿ. ಹಾಗೆ ಮಾಡಿದರೆ ಕಂಪ್ಯೂಟರ್ ಅದನ್ನು ಗುರುತಿಸಲ್ಲ.

ಕೈಕೊಟ್ಟ ದಿನ

ಎರಡನ್ನೂ ಸಿಕ್ಕಿಸಿ ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತುತ್ತಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸಿ, 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಷನ್ಸ್', ಅಲ್ಲಿಂದ 'ಸಿಸ್ಟಮ್ ಇಮೇಜ್ ರಿಕವರಿ'ಗೆ ಹೋಗಿ. 'ರಿಕವರ್ ಫ್ರಮ್ ಎ ಡ್ರೈವ್' ಒತ್ತಬೇಡಿ, ಅದು ಬರೀ ಹೊಸ ವಿಂಡೋಸ್ ಹಾಕುತ್ತೆ. ಇಮೇಜ್ ಹಾಕಿದಾಗ ಕಂಪ್ಯೂಟರ್ ಆ ಇಮೇಜ್ ಮಾಡಿದ ದಿನಕ್ಕೆ ವಾಪಸ್ ಹೋಗುತ್ತೆ, ಆಮೇಲಿನ ಲೆಕ್ಕ ಅದರಲ್ಲಿ ಇರಲ್ಲ. ಆದ್ದರಿಂದ ಟ್ಯಾಲಿ ಬ್ಯಾಕಪ್ ದಿನಾ ಬೇರೆಯಾಗಿ ತೆಗೆಯಲೇಬೇಕು. ಹೊಸ ಡಿಸ್ಕ್ ಹಾಕಿಸಿದ್ದರೆ ಅದು ಹಳೆಯದರಷ್ಟೇ ಅಥವಾ ದೊಡ್ಡದಿರಬೇಕು.

ಮರೆಯಬೇಡಿ

* ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ಕೀ ಕೇಳಬಹುದು. ಈಗಲೇ ಪುಸ್ತಕದಲ್ಲಿ ಬರೆದಿಡಿ.
* ಹಾರ್ಡ್ ಡಿಸ್ಕ್ ಯಾವಾಗಲೂ ಸಿಕ್ಕಿಸಿಯೇ ಇಡಬೇಡಿ. ರ್‍ಯಾನ್ಸಮ್‌ವೇರ್ ವೈರಸ್ ಬಂದರೆ ಬ್ಯಾಕಪ್ಪಿಗೂ ಬೀಗ ಹಾಕುತ್ತೆ.
* ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಹೋಗುವ ಮೊದಲು ಒಂದು ಇಮೇಜ್ ತೆಗೆದಿಡಿ.
* ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಡಬೇಕು. 'ಕಂಪ್ಯೂಟರ್ ಕೆಟ್ಟೋಯ್ತು ಸಾರ್' ಅಂದರೆ ಕೇಳುವವರಿಲ್ಲ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಯವರೇ, ಈ ಭಾನುವಾರ ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಿ. ಪೆನ್‌ಡ್ರೈವ್ ಮಾಡಿದ ಮೇಲೆ ಒಂದು ಸಲ ಅದರಿಂದ ಕಂಪ್ಯೂಟರ್ ಆನ್ ಮಾಡಿ, ಮೆನು ಬಂತಾ ನೋಡಿ, ಏನೂ ಒತ್ತದೆ ಆಫ್ ಮಾಡಿ. ಬೀಗದ ಕೈ ಸರಿಯಾಗಿದೆಯಾ ಅಂತ ಕಳ್ಳತನ ಆದ ದಿನ ನೋಡಿದರೆ ಏನು ಬಂತು?