ಬಂಗಾಳ ಕೊಲ್ಲಿಯ ಚಂಡಮಾರುತ

ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಎರಡು ಮೂರು ದಿನ ಬಿಡದೆ ಜಿನುಗುವ ಮಳೆಯೊಂದು ಬರುವುದುಂಟು. ನಾವು ಅದನ್ನು ಸೈಕ್ಲೋನ್ ಮಳೆಯೆಂದು ಕರೆದು, ಒಗೆದ ಬಟ್ಟೆ ಒಣಗಲಿಲ್ಲವೆಂದು ಗೊಣಗಿ ಸುಮ್ಮನಾಗುತ್ತೇವೆ. ಇಲ್ಲಿ ಇಷ್ಟು ಸೌಮ್ಯವಾಗಿ ತೋರುವ ಈ ವ್ಯಾಪಾರವು ಬಂಗಾಳ ಕೊಲ್ಲಿಯ ದಡದಲ್ಲಿ ಯಾವ ರೂಪವನ್ನು ತಾಳಬಲ್ಲುದೆಂಬುದನ್ನು ತಿಳಿಯಬೇಕಾದರೆ, 1999ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಒಡಿಶಾ ತೀರಕ್ಕೆ ಒದಗಿದ ಗತಿಯನ್ನು ನೋಡಬೇಕು.

ಸೈಕ್ಲೋನ್ ಎಂಬ ಹೆಸರನ್ನು ಬಳಕೆಗೆ ತಂದವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್, ಕಾಲ 1848. ಹಾವಿನ ಸುರುಳಿಯೆಂಬ ಭಾವ ಅದರಲ್ಲಿದೆ. ಕಡಲಿನ ಮೇಲ್ಮೈ ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಏಳುವ ಆವಿಯು ಮೇಲೆ ಹನಿಗೂಡಿ, ತನ್ನಲ್ಲಿ ಅಡಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಾಳಿ ಹಗುರಾಗಿ ಮೇಲೇರುತ್ತದೆ. ಕೆಳಗೆ ವಾಯುಭಾರ ಕುಸಿಯುತ್ತದೆ. ಸುತ್ತಣ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿಯ ಆವರ್ತನದಿಂದ ಅದು ನೇರವಾಗಿ ನುಗ್ಗಲಾರದೆ ನಮ್ಮ ಗೋಳಾರ್ಧದಲ್ಲಿ ಅಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ಮುಂಗಾರಿನ ನಡುದಿನಗಳಲ್ಲಿ ಮೇಲಣ ಗಾಳಿಯೂ ಕೆಳಗಣ ಗಾಳಿಯೂ ಎದುರುಬದುರಾಗಿ ಬಲವಾಗಿ ಬೀಸುವುದರಿಂದ ಇಂತಹ ಗೋಪುರ ಎದ್ದು ನಿಲ್ಲುವುದು ಅಪೂರ್ವ. ಆದಕಾರಣ ಮುಂಗಾರಿಗೆ ಮೊದಲಿನ ಎರಡು ತಿಂಗಳೂ, ಅದು ಹಿಂದೆಗೆದ ಮೇಲಿನ ಎರಡು ಮೂರು ತಿಂಗಳೂ ಚಂಡಮಾರುತದ ಕಾಲ.

ಆ ವರ್ಷ ಅಕ್ಟೋಬರ್ 17ರಂದು ಒಂದು ಚಂಡಮಾರುತವು ಗೋಪಾಲಪುರದ ಬಳಿ ದಡ ಹತ್ತಿತು. ಹನ್ನೆರಡೇ ದಿನಗಳಲ್ಲಿ, 29ರಂದು, ಪಾರಾದೀಪದ ಬಳಿ ಎರಡನೆಯದು ಬಂದಿತು. ಅದರ ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ದಡ ಹತ್ತಿದ ಮೇಲೂ ಬೇಗನೆ ಮುಂದೆ ಸಾಗದೆ, ಒಂದು ದಿನಕ್ಕೂ ಮೀರಿ ಆ ಪ್ರಾಂತದ ಮೇಲೆಯೇ ನೆಲೆನಿಂತು ಮಳೆಗರೆಯಿತು. ಸತ್ತವರು ಹತ್ತು ಸಾವಿರದ ಸುಮಾರು.

ಇಷ್ಟು ಜನರನ್ನು ಕೊಂದದ್ದು ಗಾಳಿಯೆಂದು ನಾವು ಭಾವಿಸುವುದು ಸಹಜ; ನಮ್ಮ ವಿದ್ಯಾರ್ಥಿಗಳೂ ಹಾಗೆಯೇ ಬರೆಯುತ್ತಾರೆ. ಆದರೆ ಎರಸಮದ ಹಳ್ಳಿಗಳಲ್ಲಿ ಜನರನ್ನು ಕೊಂದದ್ದು ಮುಖ್ಯವಾಗಿ ನೀರು. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತದೆ. ಸಾಧಾರಣವಾಗಿ 1010ರ ಸುಮಾರಿನಲ್ಲಿರುವ ಭಾರ ಆಗ ಸುಳಿಯ ಕೇಂದ್ರದಲ್ಲಿ 912ಕ್ಕೆ ಕುಸಿದಿತ್ತು. ಈ ಲೆಕ್ಕದಿಂದ ಕಡಲು ಏರಬೇಕಾದದ್ದು ಒಂದು ಮೀಟರ್ ಮಾತ್ರ. ಅಲ್ಲಿ ಎದ್ದ ಅಲೆಯುಬ್ಬರವಾದರೋ ಐದಾರು ಮೀಟರ್. ಮಿಕ್ಕದ್ದೆಲ್ಲ ಗಾಳಿಯು ದೂಡಿ ತಂದ ನೀರು. ಆಳವಾದ ಸಾಗರದಲ್ಲಾದರೆ ಹೀಗೆ ದೂಡಿದ ನೀರು ಅಡಿಯಿಂದ ಹಿಂದಿರುಗಿ ಹೋಗುತ್ತದೆ. ಕೊಲ್ಲಿಯ ಉತ್ತರಭಾಗವೋ ಆಳವಿಲ್ಲದ್ದು, ಮೇಲಾಗಿ ಆಲಿಕೆಯಂತೆ ಇಕ್ಕಟ್ಟಾಗುತ್ತ ಹೋಗುವುದು. ನೀರಿಗೆ ನೆಲದ ಮೇಲೆ ಏರುವುದಲ್ಲದೆ ಬೇರೆ ದಾರಿಯಿಲ್ಲ. ನೆಲವೂ ನದಿಗಳು ತಂದು ಹರಡಿದ ಮಟ್ಟಸವಾದ ಮಣ್ಣು. ಮಣ್ಣಿನ ಗೋಡೆ, ಹುಲ್ಲಿನ ಮಾಡು. ಗಾಳಿಗೆ ಹೆದರಿದವನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ನೀರಿನ ಮುಂದೆ ಅದೇ ಅವನಿಗೆ ಮೃತ್ಯುವಾಗುತ್ತದೆ.

ಹವಾಮಾನ ಇಲಾಖೆಯ ಮುನ್ಸೂಚನೆ ಆಗ ಇರಲಿಲ್ಲವೆಂದಲ್ಲ. ಓಡಿಹೋಗಿ ಏರಿ ನಿಲ್ಲುವುದಕ್ಕೆ ಎತ್ತರವಾದ ಗಟ್ಟಿ ಕಟ್ಟಡಗಳು ಆ ತೀರದಲ್ಲಿ ತೀರ ವಿರಳವಾಗಿದ್ದುವು. ಆ ಬಳಿಕ ಕಂಬಗಳ ಮೇಲೆ ನಿಲ್ಲಿಸಿದ ಆಶ್ರಯಗೃಹಗಳನ್ನು ತೀರದುದ್ದಕ್ಕೂ ಕಟ್ಟಿದರು. 2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಉಗ್ರವಾದ ಚಂಡಮಾರುತವು ಅದೇ ಗೋಪಾಲಪುರದ ಬಳಿ ಅಪ್ಪಳಿಸುವ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ತಗ್ಗಿನಿಂದ ಬಿಡಿಸಿ ಸಾಗಿಸಿದರು. ಮನೆಗಳು ಬಿದ್ದುವು, ಬತ್ತದ ಬೆಳೆ ಹೋಯಿತು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ.